ಬಾಣಂತಿ ಕಾರಿನ ಸದ್ದು

ಈಸೂರು
೨೮-೧೧-೨೦೨೪, ಗುರುವಾರ
ಇನ್ನೂ ಬೆಳಗಾಗಿಲ್ಲ

ರೀ,

ಎರಡೂವರೆಗೆ ಎಚ್ಚರವಾಯಿತು. ಸ್ಪಂದನ ಅತ್ತದ್ದಕ್ಕಲ್ಲ, ಅವಳು ಆಗಷ್ಟೇ ಕಣ್ಣು ಮುಚ್ಚಿದ್ದಳು. ನಡುಮನೆಯಲ್ಲಿ ಧೊಪ್ಪೆಂದು ಏನೋ ಬಿತ್ತು. ಬಿದ್ದದ್ದು ಸುಮ್ಮನಿರದೆ ಗಡಗಡ ಗಡಗಡ ಎಂದು ಉರುಳಿತು. ಉರುಳುವಾಗ ಅದರ ಹೊಟ್ಟೆಯೊಳಗಿಂದ ಇನ್ನೊಂದು ಸದ್ದು, ಲೊಟಕ್, ಲೊಟಕ್. ಗೋಡೆಗೆ ತಾಗಿ ಠಕ್ಕೆಂದು ನಿಂತಿತು. ನಿದ್ದೆಗಣ್ಣಿನಲ್ಲಿ ನನಗೆ ಅನಿಸಿದ್ದು, ನೀವು ಸೊರಬದಿಂದ ವಾಪಸ್ ಬಂದು ಕಾರನ್ನು ನಡುಮನೆಗೇ ತಂದು ನಿಲ್ಲಿಸಿದಿರಿ ಎಂದು.

ಅದೇ ಸದ್ದು ರೀ. ಮಹಾನವಮಿಯಿಂದ ಈಚೆಗೆ ನಮ್ಮ ಕಾರಿನಲ್ಲಿ ಕೇಳುತ್ತಿರುವ ಸದ್ದು. ಶೋರೂಮಿನ ಚಂದ್ರಶೇಖರ್ ಸ್ಟೇರಿಂಗ್ ರ‍್ಯಾಕ್ ಎಂದು ಹೆಸರಿಟ್ಟ ಸದ್ದು. ಯಾವ ಸದ್ದಿಗೆ ಹೆದರಿ ಇವತ್ತು ನೀವು ಆ ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಡಲು ಹೊರಟಿದ್ದೀರೋ ಅದೇ ಸದ್ದು ನಮ್ಮ ದೇವರ ಜಗಲಿಯಿಂದ ಉರುಳಿ ಬಿತ್ತು. ಕಾರಿಗೆ ಏನೂ ಆಗಿಲ್ಲ. ಏನೂ ಆಗಿರಲಿಲ್ಲ. ಆದ್ದರಿಂದ, ಕೋಪ ಎಷ್ಟಿದ್ದರೂ ಇರಲಿ, ಈ ಒಂದು ಸಾಲನ್ನಾದರೂ ಓದಿ: ಕಾರಿನ ಬೀಗ ತೆಗೆಯುವ ಮೊದಲು ನನಗೆ ಫೋನ್ ಮಾಡಿ.

ನಿಮ್ಮ ಮೊಬೈಲು ಸ್ವಿಚ್ ಆಫ್ ಇದೆ. ನಿನ್ನೆ ರಾತ್ರಿ ನೀವು ಕಳಿಸಿದ್ದು ಒಂದೇ ಸಾಲು, ಸೊರಬದ ಲಾಡ್ಜಿನಲ್ಲಿದ್ದೇನೆ, ಬೆಳಗ್ಗೆ ಅಲ್ಲಿಂದ ನೇರ ಶಿಕಾರಿಪುರದ ಶೋರೂಮಿಗೆ ಎಂದು. ಯಾವ ಲಾಡ್ಜು ಎಂದು ಹೇಳಲಿಲ್ಲ. ಫೋನ್ ಮಾಡಿ ಕುಬಟೂರಿನಲ್ಲಿ ಅಪ್ಪನನ್ನು ಎಬ್ಬಿಸಿದೆ. ಮೊದಲ ಬಸ್ಸಿಗೇ ಹೊರಟರೂ ಅವರು ಸೊರಬ ಮುಟ್ಟುವಷ್ಟರಲ್ಲಿ ನೀವು ಹೊರಟಿರುತ್ತೀರಿ. ಕುರಿಗಳು ಮೇಯಲು ಹೊರಡುವ ಮೊದಲೇ ಹಟ್ಟಿಗಳಿಗೆ ಔಷಧಿ ಮುಟ್ಟಿಸುವವರು ನೀವು, ಐದಕ್ಕೆ ಏಳುತ್ತೀರಿ, ಎದ್ದ ಕೂಡಲೇ ಮೊಬೈಲು ನೋಡುತ್ತೀರಿ. ಆ ಒಂದು ಕ್ಷಣವನ್ನೇ ನಂಬಿ ಬರೆಯುತ್ತಿದ್ದೇನೆ. ಮಗು ಎದೆಗೆ ಅಂಟಿಕೊಂಡಿದೆ, ಒಂದು ಕೈಯಲ್ಲಿ ಟೈಪು ಮಾಡಲು ಬರುವುದಿಲ್ಲ, ಬರೆಯಲು ಬರುತ್ತದೆ. ಒಂದೊಂದು ಹಾಳೆ ಮುಗಿದಂತೆ ಫೋಟೋ ತೆಗೆದು ಕಳಿಸುತ್ತೇನೆ. ಒಂದೇ ಟಿಕ್ ತೋರಿಸುತ್ತಿದೆ.

ಲೈಟು ಹಾಕಿದಾಗ ಜಗಲಿಯ ಕೆಳಗೆ ಸಿಕ್ಕಿದ್ದು ಒಂದು ತೆಂಗಿನಕಾಯಿ. ಅರಿಶಿನದ ಬಟ್ಟೆಯನ್ನು ಇಲಿ ಕಡಿದು ಹಾಕಿತ್ತು. ಕೈಗೆ ತೆಗೆದುಕೊಂಡರೆ ಹಗುರ. ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಒಣ ಕೊಬ್ಬರಿಯ ಗಿಟುಕು ಕರಟ ಬಿಟ್ಟುಕೊಂಡು ಲೊಟಕ್ ಎಂದಿತು. ಅಷ್ಟರಲ್ಲಿ ಅತ್ತೆ ಎದ್ದು ಕೂತಿದ್ದರು. ನನ್ನ ಕೈಯಲ್ಲಿ ಕಾಯಿ ನೋಡಿ ಹಣೆ ಬಡಿದುಕೊಂಡರು. ಅಯ್ಯ ಯವ್ವಾ, ಅದನ್ಯಾಕ ಇಳಿಸಿದಿ, ಅದು ಹರಕಿ ಕಾಯಿ ಎಂದರು. ನಾನು ಇಳಿಸಲಿಲ್ಲ ಅತ್ತೆ, ಇಲಿ ಇಳಿಸಿತು ಎಂದೆ. ಇಂಥದ್ದೇ ಇನ್ನೊಂದು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. ಯಾಕೆ ಹಾಗೆ ಕೇಳಬೇಕೆನಿಸಿತೋ ಗೊತ್ತಿಲ್ಲ, ಬಾಯಿಗೆ ಬಂತು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಪುರುಡು ಕಳೆದ ದಿನ ಅತ್ತೆ ಎರಡು ಕಾಯಿ ಕಟ್ಟಿದ್ದಾರೆ. ಒಂದನ್ನು ಜಗಲಿಯ ಮೇಲೆ ಬೀರಪ್ಪನ ಫೋಟೋದ ಹಿಂದೆ ಇಟ್ಟರು. ಇನ್ನೊಂದು ಸಣ್ಣ ಕಾಯಿಯನ್ನು ಕಾರಿನಲ್ಲಿ, ನಿಮ್ಮ ಸೀಟಿನ ಕೆಳಗೆ, ಮಾವನವರ ಹಳೇ ಕಂಬಳಿಯ ಮಡಿಕೆಯಲ್ಲಿ ಒತ್ತಿ ಸಿಕ್ಕಿಸಿದರು. ಹರಕೆ ತೀರುವ ತನಕ ತೆಗೆಯುವ ಹಾಗಿಲ್ಲ, ಬಾಯಾಗ ಆಡಿದ್ರ ಫಲ ಹೋಗ್ತೈತಿ ಅಂತೆ. ಅದಕ್ಕೇ ನೋಡಿ, ಕಾರಿನ ಒಳಗೆ ಬೇರೆ ಯಾರೂ ಕಸ ಹೊಡೆಯಬಾರದು, ನಾನೇ ಒರೆಸ್ತೀನಿ ಎಂದು ಅವರು ಹಟ ಹಿಡಿಯುತ್ತಿದ್ದದ್ದು. ಸ್ಪಂದನ ಆ ಕಾರಿನಲ್ಲೇ ಹುಟ್ಟಿದ್ದರಿಂದ ಅದಕ್ಕೆ ಬಾಣಂತಿ ಕಾರು ಎಂದು ಹೆಸರಿಟ್ಟು ಮುದ್ದು ಮಾಡುತ್ತಾರೆ ಎಂದು ನಾವಿಬ್ಬರೂ ನಗುತ್ತಿದ್ದೆವು.

ಹಿಂದಿನ ಸೀಟಿನಲ್ಲಿ ಹುಟ್ಟಿದ ಮಗುವಿಗೆ ಮುಂದಿನ ಸೀಟಿನ ಕೆಳಗೆ ಯಾಕೆ ಕಾಯಿ ಇಟ್ಟಿರಿ ಎಂದು ಕೇಳಿದೆ. ಅತ್ತೆ ಇಲಿ ಕಡಿದ ಬಟ್ಟೆಯ ಚೂರುಗಳನ್ನು ಆಯತೊಡಗಿದರು. ಜವಳ ತೆಗೆಸುವ ದಿನದ ಹರಕೆ ಇರಬೇಕು ಎಂದು ನಾನೂ ಬಿಟ್ಟೆ.

ಲೆಕ್ಕ ಹಾಕಿ ನೋಡಿ. ಕಟ್ಟಿದ ದಿನ ಅದು ನೀರು ತುಂಬಿದ ಕಾಯಿ. ಬೇಸಿಗೆಯಿಡೀ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಒಣಗಿ, ನೀರು ಇಂಗಿ, ಗಿಟುಕು ಕರಟ ಬಿಡುವ ಹೊತ್ತಿಗೆ ಮಹಾನವಮಿ ಬಂತು. ನಿಮಗೆ ನೆನಪಿದೆಯಲ್ಲ, ಆಯುಧಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಹೊರಟೆವು. ಶಿರಾಳಕೊಪ್ಪದ ರಸ್ತೆ ಹಂಪಿನಲ್ಲಿ ಮೊದಲ ಸಲ ಲೊಟಕ್ ಎಂದಿತು. ನಿಂಬೆಹಣ್ಣು ಸರಿಯಾಗಿ ಸೀಳಲಿಲ್ಲ ಕಣೇ ಎಂದು ನೀವು ನಕ್ಕಿರಿ. ನನಗೆ ನಗು ಬರಲಿಲ್ಲ. ಮಗು ತೊಡೆಯ ಮೇಲಿತ್ತು.

ಆಮೇಲಿನದೆಲ್ಲ ನಾನೇ ಮಾಡಿಸಿದ್ದು. ನೀವು ಬೇಡ ಎಂದಿರಿ, ಹಳೇ ಗಾಡಿ ಅಂದ ಮೇಲೆ ಕೆಮ್ಮದೆ ಇರುತ್ತದೆಯೇ ಎಂದಿರಿ. ಶೋರೂಮಿಗೇ ತೋರಿಸಬೇಕು ಎಂದು ಹಟ ಹಿಡಿದವಳು ನಾನು. ಚಂದ್ರಶೇಖರ್ ಪಕ್ಕದಲ್ಲಿ ಕೂತು ತಲೆ ವಾಲಿಸಿ ಕೇಳಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ, ಡಾಕ್ಟರು ಎದೆಬಡಿತ ಕೇಳುವ ಹಾಗೆ. ಕೇಳಿಸ್ತಾ ಮೇಡಂ, ಲಿಂಕ್ ರಾಡ್ ಇದು ಎಂದ. ಹಾಕಿಸಿದೆವು. ಸದ್ದು ಹೋಗಲಿಲ್ಲ. ಎರಡನೇ ಸಲ ಹೋದಾಗ ಲಿಂಕ್ ರಾಡ್ ಅಲ್ಲ, ಶಾಕ್ ಅಬ್ಸಾರ್ಬರ್ ಇರಬೇಕು ಎಂದ. ಮೂರನೇ ಸಲ ಸ್ಟೇರಿಂಗ್ ರ‍್ಯಾಕ್, ಲೋಯರ್ ಆರ್ಮ್, ಎರಡೂ ಶಾಕ್, ಎಲ್ಲ ಸೇರಿಸಿ ಎಸ್ಟಿಮೇಟು ಪ್ರಿಂಟು ಹಾಕಿ ನನ್ನ ಕೈಗೇ ಕೊಟ್ಟ, ನಿಮಗಲ್ಲ. ಕಾರಿನ ಅರ್ಧ ಬೆಲೆ. ಪ್ರತಿ ಸಲವೂ ಕಾರನ್ನು ಎತ್ತಿ ಹೊಟ್ಟೆಯ ಅಡಿಗೆ ಬ್ಯಾಟರಿ ಬಿಟ್ಟು ನೋಡಿದರೇ ಹೊರತು, ಬಾಗಿಲು ತೆಗೆದು ಸೀಟಿನ ಅಡಿಗೆ ಯಾರೂ ನೋಡಲಿಲ್ಲ. ನಾವೂ ನೋಡಲಿಲ್ಲ. ಅವನು ಬೇಕೆಂದೇ ಮೋಸ ಮಾಡಿದ ಎಂದು ಹೇಳಲಾರೆ. ಆದರೆ ಸರಿಯಾಗಿ ಗೊತ್ತಿಲ್ಲ ಎನ್ನುವ ಮಾತು ಅವನ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ನೀವು ಮಗೂನ ಕೂರಿಸ್ಕೊಂಡು ಹೋಗ್ತೀರಲ್ಲ ಮೇಡಂ, ನಾನಾಗಿದ್ರೆ ರಿಸ್ಕ್ ತಗೊಳ್ತಿರ್ಲಿಲ್ಲ ಎಂದ. ಆ ಒಂದು ಮಾತಿಗೆ ನಾನು ಸೋತೆ.

ಮತ್ತೆ ಆ ಎಕ್ಸ್‌ಚೇಂಜ್ ಆಫರು. ಸದ್ದು ಕೇಳುವ ಮುಂಚೆ ಫೋನಿನಲ್ಲಿ ಹೇಳಿದ ಬೆಲೆ ಒಂದು, ಕೇಳಿದ ಮೇಲೆ ಇನ್ನೊಂದು. ಅವರದೇ ಎಸ್ಟಿಮೇಟನ್ನು ನಮ್ಮ ಕಾರಿನ ಬೆಲೆಯಿಂದ ಕಳೆದು, ಉಳಿದಿದ್ದರ ಮೇಲೆ ತಿಂಗಳ ಕೊನೆಯ ಬೋನಸ್ಸು ಎಂದು ಸಕ್ಕರೆ ಉದುರಿಸಿದರು. ಅವತ್ತು ಮಾವನವರೂ ಬಂದಿದ್ದರು. ಚಂದ್ರಶೇಖರ್ ಕ್ಯಾಲ್ಕುಲೇಟರ್ ಒತ್ತಿ ಬಾಯಿ ಬಿಡದೆ ಟೇಬಲಿನ ಮೇಲೆ ತಿರುಗಿಸಿ ತೋರಿಸಿದ್ದನ್ನು ನೋಡಿ, ಇದು ಬಟ್ಟೆಯ ಅಡಿ ಬೆರಳು ಹಿಡಿದು ಬೆಲೆ ಹೇಳುವ ನಮ್ಮ ಕುರಿಸಂತೆಯ ವ್ಯಾಪಾರವೇ ಎಂದುಕೊಂಡು, ಹೆಗಲ ಟವೆಲ್ಲನ್ನು ಕೈಮೇಲೆ ಹಾಕಿ ಬೆರಳು ಹಿಡಿಯಲು ಮುಂದೆ ಚಾಚಿದರು. ಅವನು ಟವೆಲ್ ಸಮೇತ ಕೈ ಕುಲುಕಿ ಥ್ಯಾಂಕ್ಯೂ ಸರ್ ಎಂದ. ದಾರಿಯುದ್ದಕ್ಕೂ ಮಾವನವರು ಅದನ್ನೇ ಹೇಳಿದರು, ನಾ ಎರಡು ಬೆರಳು ಹಿಡಿಬೇಕಂದ್ರ ಅವ ಐದೂ ಹಿಡ್ಕೊಂಡ್ನಲ್ಲೋ ತಿಪ್ಪೇಶಾ ಎಂದು. ನೀವು ನಕ್ಕಿರಿ. ಈ ಒಂದೂವರೆ ತಿಂಗಳಲ್ಲಿ ನೀವು ನಕ್ಕಿದ್ದು ಅದೇ ಕೊನೆ. ಹೊಸ ಕಾರಿನ ಮುಂಗಡಕ್ಕೆ ಇವತ್ತು ಅದೇ ಮಾವನವರು ಹಿಂಡಿನ ಅರ್ಧ ಮರಿಗಳನ್ನು ಮಾರಬೇಕಾಗಿದೆ. ಅವರೂ ಹಿಂಡಿನ ಜೊತೆ ಹೊಲದಲ್ಲಿ ಮಲಗಿದ್ದಾರೆ, ಫೋನು ಸಿಗುತ್ತಿಲ್ಲ. ನೀವು ಸಹಿ ಹಾಕದಿದ್ದರೆ ಮರಿಗಳೂ ಉಳಿಯುತ್ತವೆ.

ಅತ್ತೆ ನಿನ್ನೆ ಬೆಳಗ್ಗೆಯಿಂದ ಮೂರು ಸಲ ಕೇಳಿದ್ದರು, ಕೊಡೋಕ್ಕಿಂತ ಮುಂಚೆ ಕಾರು ಒಂದ್ಸಲ ಮನಿಗೆ ಬರ್ತೈತಲ್ಲ ಎಂದು. ಬಾಣಂತಿಯನ್ನು ಬೀಳ್ಕೊಡುವ ಹಾಗೆ ಆರತಿ ಮಾಡುವ ಆಸೆ ಇರಬೇಕು ಎಂದುಕೊಂಡು ನಾನು ಸಿಡುಕಿದೆ. ಆ ಕಾಯಿಯನ್ನು ಯಾರಿಗೂ ಕಾಣದ ಹಾಗೆ ತೆಗೆದುಕೊಳ್ಳಲು ಕಾಯುತ್ತಿದ್ದರು ಅವರು. ಇವತ್ತು ಬೆಳಗ್ಗೆ ಮನೆಯಿಂದಲೇ ಹೊರಡುವುದಿತ್ತಲ್ಲ. ಸಂಜೆ ನಾವಿಬ್ಬರೂ ಮಾತಿಗೆ ಮಾತು ಬೆಳೆಸಿ ನೀವು ಕಾರು ಹತ್ತಿ ಹೋಗುತ್ತೀರೆಂದು ಅವರಿಗೇನು ಗೊತ್ತು.

ಇಲ್ಲಿಯವರೆಗೆ ಬರೆದು ಫೋಟೋ ತೆಗೆಯಲು ಬಾಗಿಲ ಬಳಿಯ ಬೆಳಕಿಗೆ ಹೋದೆ. ಹೊರಗೆ ತಂತಿಯ ಮೇಲೆ ಒಗೆದು ಹಾಕಿದ ಕಂಬಳಿ ನೇತಾಡುತ್ತಿದೆ, ಇನ್ನೂ ನೀರು ತೊಟ್ಟಿಕ್ಕುತ್ತಿದೆ.

ರೀ, ಆ ಕಂಬಳಿ.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ತಿಳಿಯದಿದ್ದರೆ ಇನ್ನೊಮ್ಮೆ ಓದಿ. ಗಾಡಿ ಒಳಗೆ ನಿಮ್ದೇನಿದ್ರೂ ತೆಗೆದು ಖಾಲಿ ಮಾಡಿ ತನ್ನಿ ಎಂದು ಚಂದ್ರಶೇಖರ್ ಫೋನಿನಲ್ಲಿ ಹೇಳಿದ್ದ. ನಿನ್ನೆ ಜಗಳದ ನಡುವೆಯೇ, ಮಗುವನ್ನು ಸೊಂಟಕ್ಕಿಟ್ಟುಕೊಂಡು, ಹಿಂದಿನ ಬಾಗಿಲು ತೆಗೆದು ಆ ಕಂಬಳಿಯನ್ನು ಎಳೆದುಕೊಂಡವಳು ನಾನೇ. ಮಾವನವರ ಕಂಬಳಿ ಶೋರೂಮಿನವರಿಗೆ ಯಾಕೆ ಎಂದು ಸಿಟ್ಟಿನಲ್ಲಿ ಜಗ್ಗಿದೆ. ಒಳಗೆ ಏನೋ ಉರುಳಿತು. ಆ ಸದ್ದು ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು, ನೋಡಿ, ನಿಂತ ಗಾಡಿಯೂ ಸದ್ದು ಮಾಡುತ್ತದೆ ಎಂದು ಕೂಗಿದೆ. ಬಗ್ಗಿ ನೋಡಲಿಲ್ಲ.

ಇಷ್ಟು ದಿನ ಆ ಕಾಯಿಯನ್ನು ಮುಂದಕ್ಕೆ ಬಿಡದೆ ಹಿಡಿದಿದ್ದದ್ದು ಆ ಕಂಬಳಿಯೇ. ಅದರ ಮಡಿಕೆಯೊಳಗೇ ಹೊರಳಿ ಹೊರಳಿ ಸದ್ದು ಮಾಡುತ್ತಿತ್ತು. ಈಗ ಅದಕ್ಕೆ ಅಡ್ಡ ಏನೂ ಇಲ್ಲ. ಮುಂದಿನ ಮ್ಯಾಟನ್ನೂ ನಾನು ತೆಗೆದಿಟ್ಟಿದ್ದೇನೆ. ಬರೀ ತಗಡಿನ ಮೇಲೆ ಒಣಕಾಯಿ. ಬ್ರೇಕು ಒತ್ತಿದರೆ ಅದು ಎಲ್ಲಿಗೆ ಬರುತ್ತದೆ ಹೇಳಿ. ನಿಮ್ಮ ಕಾಲಿಗೇ ಬರುತ್ತದೆ. ಬ್ರೇಕಿನ ಹಿಂದೆ ಹೋಗಿ ಸಿಕ್ಕಿಕೊಂಡರೆ?

ನಿನ್ನೆ ಸೊರಬಕ್ಕೆ ಹೋಗುವಾಗ ಅದು ಹಿಂದಕ್ಕೇ ಉಳಿದಿರಬೇಕು, ನೀವು ಸುಖವಾಗಿ ಮುಟ್ಟಿದಿರಿ. ವಾಪಸು ಬರುವಾಗ ಕತ್ತಲು, ಮಂಜು. ರಸ್ತೆ ತುಂಬ ಮೆಕ್ಕೆಜೋಳ ಹರವಿದ್ದಾರೆ, ರಾಶಿಯ ಅಂಚಿಗೆ ಕಲ್ಲು ಇಟ್ಟಿದ್ದಾರೆ, ಹತ್ತಿರ ಹೋಗುವ ತನಕ ಕಾಣುವುದಿಲ್ಲ. ನೀವೇ ಬೈಯುತ್ತಿದ್ದಿರಲ್ಲ, ಗಕ್ಕನೆ ಬ್ರೇಕು ಹಾಕೋದೇ ಆಗೋಯ್ತು ಈ ರೋಡಲ್ಲಿ ಎಂದು. ಕೆರೆ ಏರಿ ಇಳಿಯುವಾಗ ಹಾಗೆ ಒಂದು ಕಲ್ಲು ಎದುರಾದರೆ? ಮೊದಲ ಹಾಳೆಗೆ ವಾಪಸ್ ಹೋಗಿ ತಿದ್ದಿದ್ದೇನೆ. ಶೋರೂಮಿಗೆ ಹೋಗುವ ಮೊದಲು ಎಂದು ಬರೆದಿದ್ದೆ, ಅದನ್ನು ಹೊಡೆದು ಕಾರಿನ ಬೀಗ ತೆಗೆಯುವ ಮೊದಲು ಎಂದು ಮಾಡಿ, ಆ ಹಾಳೆಯನ್ನು ಮತ್ತೆ ಕಳಿಸಿದ್ದೇನೆ. ಎರಡೂ ಫೋಟೋ ನಿಮಗೆ ಸಿಗುತ್ತವೆ. ಎರಡನೆಯದನ್ನು ಓದಿ.

ಇದೂ ನನ್ನ ಎಂದಿನ ಭಯ ಎಂದು ತಳ್ಳಿಹಾಕಬೇಡಿ. ನಾನು ಗ್ಯಾಸಿನ ನಾಬನ್ನು ನಾಲ್ಕು ಸಲ ಮುಟ್ಟಿ ನೋಡುವವಳು, ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುವವಳು, ಗೊತ್ತು. ಹೆದರಿದ್ದೆಲ್ಲ ಸುಳ್ಳಾಗಿದೆ ಎಂದು ನೀವು ಹೇಳುತ್ತೀರಿ. ಸುಳ್ಳಾಗಲಿ, ಇದೂ ಸುಳ್ಳಾಗಲಿ. ಬಗ್ಗಿ ನೋಡಿ ಕಾಯಿ ಇಲ್ಲದಿದ್ದರೆ ಎಲ್ಲರ ಮುಂದೆ ನನ್ನನ್ನು ಹುಚ್ಚಿ ಎನ್ನಿ, ನಾನೂ ನಗುತ್ತೇನೆ.

ನಿನ್ನೆಯ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಮಾತಿಗೆ ಮಾತು ಬೆಳೆಯಿತು ಎಂದು ಬರೆದು ಜಾರಿಕೊಂಡೆ. ನೀವು ಹೇಳಿದ್ದು ಒಂದೇ ಮಾತು, ನಿನ್ನ ಭಯಕ್ಕೆ ಒಂದು ಕಾರು ಸಾಲೋದಿಲ್ಲ ಬಿಂದು, ನಾಳೆ ಹೊಸದರಲ್ಲೂ ನಿನಗೆ ಸದ್ದು ಕೇಳುತ್ತದೆ ಎಂದು. ಚುಚ್ಚಿತು. ಅದಕ್ಕೆ ನಾನು ಹೇಳಿದ್ದನ್ನು ಇಲ್ಲಿ ಬರೆಯಬೇಕು, ಬರೆಯದಿದ್ದರೆ ನೀವು ಫೋನು ಮಾಡುವುದಿಲ್ಲ. ಬಳ್ಳಿಗಾವಿ ದಾಟುತ್ತಲೇ ನೋವು ಬಂದಾಗ ಹೆಂಡತಿಯನ್ನು ರಸ್ತೆಯ ಮೇಲೆ ಬಿಟ್ಟು ಓಡಿದವರು ನೀವು, ಧೈರ್ಯದ ಪಾಠ ನನಗೆ ಹೇಳಬೇಡಿ ಎಂದೆ. ಅತ್ತೆಯ ಎದುರಿಗೇ ಅಂದೆ. ಕೀ ತೆಗೆದುಕೊಂಡಿರಿ, ಸ್ಪಂದನಳ ತಲೆ ಸವರಿದಿರಿ, ಹೋದಿರಿ.

ನೀವು ಓಡಿದ್ದು ಸಹಾಯ ತರಲು ಎಂದು ನನಗೆ ಗೊತ್ತಿಲ್ಲವೇ? ಕಾಲಲ್ಲಿ ಚಪ್ಪಲಿ ಇಲ್ಲದೆ, ತೋಟದ ಮನೆಯ ಇಬ್ಬರು ಹೆಂಗಸರನ್ನು ಬಿಸಿನೀರಿನ ಕೊಡದ ಸಮೇತ ಕರೆತಂದಾಗ ಕಾರಿನಲ್ಲಿ ಜೊತೆಗಿದ್ದ ಅತ್ತೆಯ ಕೈಯಲ್ಲಿ ಮಗು ಅಳುತ್ತಿತ್ತು. ಕುರಿ ಈಯಿಸಿದ ಕೈ ಇದು, ನೀನೇನ್ ದೊಡ್ಡಾಕಿ ಎಂದು ಅತ್ತೆ ನನಗೆ ಹೇಳುತ್ತಿದ್ದರು. ನೀವು ದೂರ ನಿಂತಿದ್ದಿರಿ. ಆ ದೂರವನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ. ಸುಳ್ಳು ಹೇಳುವುದಿಲ್ಲ, ಇಟ್ಟುಕೊಂಡೇ ಇದ್ದೆ. ನಿನ್ನೆ ಅದನ್ನೇ ಎತ್ತಿ ಎಸೆದೆ.

ಕಾರು ಕೊಡಬೇಕೆಂದರೆ ಕೊಡಿ, ಇಟ್ಟುಕೊಳ್ಳಬೇಕೆಂದರೆ ಇಟ್ಟುಕೊಳ್ಳಿ, ಅದರ ಮೇಲೆ ನನ್ನ ಹಟ ಇಲ್ಲ. ಬಾಗಿಲು ತೆಗೆದ ಮೇಲೆ ಸೀಟಿನಲ್ಲಿ ಕೂರಬೇಡಿ. ಮೊದಲು ಹೊರಗೇ ನಿಂತು, ಬಗ್ಗಿ, ಮೊಬೈಲಿನ ಬೆಳಕಿನಲ್ಲಿ ಸೀಟಿನ ಅಡಿ ನೋಡಿ. ಅದಕ್ಕೂ ಮೊದಲು ಫೋನು. ಮೊಬೈಲು ನನ್ನ ತೊಡೆಯ ಮೇಲೇ ಇದೆ. ಈಗ ನಾಲ್ಕೂಕಾಲು. ಒಂದೇ ಟಿಕ್.

ನಿಮ್ಮ ದಾರಿ ನೋಡುತ್ತಾ ಕೂತಿರುವ,
ಬಿಂದುಶ್ರೀ

ಮತ್ತೊಂದು ಮಾತು: ಲಕೋಟೆ ಇದ್ದಿದ್ದರೆ ಅಂಟಿಸಿಬಿಡುತ್ತಿದ್ದೆ, ಇಲ್ಲದ್ದೇ ಒಳ್ಳೆಯದಾಯಿತು. ಅತ್ತೆ ಈಗ ಬಂದು ಪಕ್ಕದಲ್ಲಿ ಕೂತು ಬಾಯಿಬಿಟ್ಟರು. ಹರಕೆ ಸ್ಪಂದನಳ ಜವಳದ್ದಲ್ಲವಂತೆ. ಹೆರಿಗೆಯಾದ ಮೇಲೆ ದಿನಾ ಬೆಳಗ್ಗೆ ಅಂಗಳ ಗುಡಿಸುವಾಗ ಅವರು ನೋಡುತ್ತಿದ್ದರಂತೆ, ನೀವು ಕಾರಿನಲ್ಲಿ ಕೂತು, ಕೀ ಹಾಕಲು ಬಾರದೆ, ಸ್ಟೇರಿಂಗ್ ಹಿಡಿದ ಎರಡೂ ಕೈ ನಡುಗುವುದನ್ನು. ಒಮ್ಮೊಮ್ಮೆ ಎಷ್ಟೋ ಹೊತ್ತು. ನೀವೇ ಅವರಿಂದ ಭಾಷೆ ತೆಗೆದುಕೊಂಡಿದ್ದಿರಂತೆ, ಅಕಿಗೆ ಹೇಳಬ್ಯಾಡವ್ವಾ, ಅಕಿನೇ ಹೆದರ್ತಾಳ, ನಾನೂ ಹೆದರೀನಿ ಅಂತ ಗೊತ್ತಾದ್ರ ಮಗಳನ್ನ ಹೊಸಲು ದಾಟ್ಸಂಗಿಲ್ಲ ಎಂದು. ನನ್ನ ಮಗನ ಕೈ ನಡುಗೋದು ನಿಲ್ಲಲಿ ಬೀರಪ್ಪಾ, ಅವನ ಸೀಟಿನ ಕೆಳಗ ನೀನೇ ಕೂತ್ಕೋ ಎಂದು ಅತ್ತೆ ಅಲ್ಲಿ ಕಾಯಿ ಇಟ್ಟಿದ್ದಾರೆ. ಹತ್ತು ತಿಂಗಳಿಂದ ಒಂದೇ ಕಾರಿನಲ್ಲಿ ಹಿಂದೆ ಕೂತು ನಾನು ಹೆದರುತ್ತಿದ್ದೆ, ಮುಂದೆ ಕೂತು ನೀವು ಹೆದರುತ್ತಿದ್ದಿರಿ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ನಾನು ಅಂದ ಮಾತು ನಿಮಗೆ ಎಲ್ಲಿ ತಾಗಿರಬೇಕು ಎಂದು ಈಗ ಗೊತ್ತಾಯಿತು. ಫೋನು ತೆಗೆದು ನೀವು ಮಾತಾಡದಿದ್ದರೂ ಸರಿ, ಬರೀ ಉಸಿರು ಕೇಳಿದರೂ ಸಾಕು. ಕೀ ಕೈಯಲ್ಲಿ ಹಿಡಿಯುವ ಮೊದಲು, ಬೆಳಗಾಗುವ ಮೊದಲು, ಫೋನ್ ಮಾಡಿ ರೀ.